ಸೊನ್ನೆ ಬಿಟ್ಟುಕೊಡದ ಮೇಡಂ

ನಮ್ಮ ಕಂಪ್ಯೂಟರ್ ಮೇಡಂ ಅವರ ಬಲಗೈಯಲ್ಲಿ ಎರಡೇ ಬೆರಳುಗಳಿದ್ದವು. ಉಳಿದ ಮೂರು, ಅವರು ಚಿಕ್ಕವರಿದ್ದಾಗ ಅಕ್ಕಿ ಗಿರಣಿಯ ಬೆಲ್ಟಿಗೆ ಸಿಕ್ಕು ಹೋಗಿದ್ದವು. ಆ ಎರಡರಲ್ಲೇ ಅವರು ಕೀಲಿಮಣೆ ಕುಟ್ಟುವ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು.

ದೇಶನೂರು, ಹಚ್ಚೊಳ್ಳಿ ಕಡೆಯ ಹಳ್ಳಿಗಳಿಂದ ಬರುವ ಹುಡುಗಿಯರಿಗೆ ಟೈಪಿಂಗ್ ಸಾಕೆಂಬುದು ನಾವು ಕಲಿಯುತ್ತಿದ್ದ ಸಿರುಗುಪ್ಪದ ಕಂಪ್ಯೂಟರ್ ತರಬೇತಿ ಕೇಂದ್ರದ ಮಾಲೀಕರ ತೀರ್ಮಾನ. ಟೈಪಿಂಗ್ ಮುಗಿದ ಮೇಲೆ ಮೇಡಂ ನಮ್ಮನ್ನು ಕೂರಿಸಿಕೊಂಡು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದರು. ಅದರಲ್ಲಿ ಮಾಹಿತಿಗೆ ಇಡುವ ಹೆಸರುಗಳ ಮುಂದೆ $, @, % ಚಿಹ್ನೆಗಳಲ್ಲೊಂದು ಬೇಕು. ಡಾಲರ್ ಚಿಹ್ನೆ ಕಂಡು ನಾನು ಬೆದರಿದೆ.

"ರೊಕ್ಕ ಅಲ್ಲವ್ವ ಅದು. ನೀನೊಬ್ಬಾಕಿ ಡಾಲರ್. ನಿಮ್ಮ ಕ್ಲಾಸಿನ ಸಾಲು ಆ್ಯಟ್. ಹೆಸರಿಗೊಂದು ನಂಬರ್ ಜೋಡಿಸಿದ ಹಾಜರಿ ಪುಸ್ತಕ ಪರ್ಸೆಂಟ್. ಇಷ್ಟ ಐತಿ."

ಆ ವರ್ಷ ಕೇಂದ್ರದಿಂದ ಬಳ್ಳಾರಿಯ ಪರೀಕ್ಷಾ ಕಚೇರಿಗೆ ಕಳಿಸಿದ ಪಟ್ಟಿಯಲ್ಲಿ ನಮ್ಮ ಒಂಬತ್ತು ಹುಡುಗಿಯರ ಹೆಸರುಗಳು ತಿರಸ್ಕೃತವಾದವು. ನಮ್ಮ ನೋಂದಣಿ ಸಂಖ್ಯೆಗಳು ಸೊನ್ನೆಯಿಂದ ಶುರುವಾಗುತ್ತಿದ್ದವು. ಪಟ್ಟಿಯಲ್ಲಿ ಆ ಸೊನ್ನೆಯೇ ಇರಲಿಲ್ಲ.

"ಹುಡುಗೇರು ತಪ್ಪು ಬರದಾರ. ಮುಂದಿನ ವರ್ಷ ಕೂಡ್ಲಿ ಬಿಡ್ರಿ" ಎಂದ ಮಾಲೀಕರು, ಹಾಗೆಂದೇ ಬರೆದ ಪತ್ರವನ್ನು ಸಹಿಗಾಗಿ ಮೇಡಂ ಮುಂದಿಟ್ಟರು.

ಮೇಡಂ ಪತ್ರ ಮುಟ್ಟಲಿಲ್ಲ. ಪಟ್ಟಿ ತಯಾರಿಸಲು ಮಾಲೀಕರ ಅಳಿಯ ಬರೆದಿದ್ದ ಪ್ರೋಗ್ರಾಂ ತೆರೆದು ಒಂದು ಸಾಲು ತೋರಿಸಿದರು.

"ಇಲ್ಲಿ ನೋಡ್ರಿ. ನಂಬರಿಗೆ ಲೆಕ್ಕ ಹಚ್ಚ್ಯಾರ. ಲೆಕ್ಕ ಹಚ್ಚಿದ ಕೂಡ್ಲೆ ಮುಂದಿನ ಸೊನ್ನಿ ಹೋತು. ಇದು ಕೂಡಿಸಿ ಕಳಿಯೋ ಅಂಕಿ ಅಲ್ರಿ, ಹೆಸರಿದ್ದಂಗ. ಅಕ್ಷರ ಅಂತ ಇಡಬೇಕು."

"ನಿಮಗ ಕೆಲಸ ಬೇಕೋ ಬ್ಯಾಡೋ?"

"ಬೇಕ್ರಿ. ಸಹಿ ಮಾತ್ರ ಹಾಕಾಂಗಿಲ್ಲ."

ಸಾಲು ತಿದ್ದಿ, ಹೊಸ ಪಟ್ಟಿ ಮುದ್ರಿಸಿ, ನಮ್ಮನ್ನೂ ಕರೆದುಕೊಂಡು ಬಳ್ಳಾರಿಯ ಬಸ್ಸು ಹತ್ತಿದರು. ಪರೀಕ್ಷಾ ಕಚೇರಿಯವರು "ನಾಳಿ ಬರ್ರಿ" ಎಂದರು. "ನಾಳಿ ಪರೀಕ್ಷಾನೇ ಐತ್ರಿ" ಎಂದು ಮೇಡಂ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಪಕ್ಕದಲ್ಲಿ ನಾವು ಒಂಬತ್ತು ಮಂದಿ. ಕಚೇರಿ ಮುಚ್ಚುವ ಹೊತ್ತಿಗೆ ಪ್ರವೇಶ ಪತ್ರಗಳು ಕೈಗೆ ಬಂದವು.

ಮರುವಾರ ಮೇಡಂ ಕೆಲಸ ಹೋಯಿತು. ಅವರು ದೇಶನೂರಿನ ತಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟು ಪಾಠ ಶುರುಮಾಡಿದರು. ಮೊದಲ ದಿನವೇ ನಾವು ಒಂಬತ್ತೂ ಜನ ಅಲ್ಲಿದ್ದೆವು.

ಹೋದ ವರ್ಷ ಅವರು ತೀರಿಕೊಂಡರು. ಅದಕ್ಕೆ ಕೆಲವು ದಿನ ಮುಂಚೆ ನೋಡಲು ಹೋಗಿದ್ದೆ. ನಾನೀಗ ಬಳ್ಳಾರಿಯ ಕಾಲೇಜೊಂದರಲ್ಲಿ ಇದೇ ಪಾಠ ಮಾಡುತ್ತೇನೆ.

"ಹುಡುಗೇರು ಎದ್ದು ಪ್ರಶ್ನಿ ಕೇಳ್ತಾರೇನು?" ಎಂದರು, ಮಲಗಿದ್ದಲ್ಲಿಂದಲೇ.

"ಕೇಳ್ತಾರ್ರಿ. ಒಮ್ಮೊಮ್ಮಿ ನನಗ ಉತ್ತರ ಹೊಳೆಯಾಂಗಿಲ್ಲ."

ಮೇಡಂ ಮುಖ ಅರಳಿತು. "ಹಂಗಂದ್ರ ಚಲೋ ಕಲಿಸಾಕತ್ತೀ ಬಿಡು."