ಏಲಕ್ಕಿ ಆರಿಸುವವಳ ದೂರು

ಕೆಲಸದ ಜಾಗದಲ್ಲಿ ಹೆಂಗಸರಿಗೆ ರಕ್ಷಣೆ ಇರಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮರುವರ್ಷ ನಮ್ಮ ಮಾಲೀಕರು ನನ್ನನ್ನು ತಮ್ಮ ಕೋಣೆಗೆ ಕರೆದರು. ನಾನಾಗ ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಏಲಕ್ಕಿ, ಕಾಳುಮೆಣಸು ರಫ್ತು ಮಾಡುವ ಸಣ್ಣ ಕಂಪನಿಯೊಂದರ ಆಫೀಸಿನಲ್ಲಿದ್ದೆ. ಗಂಡನಿಗೆ ಬ್ಯಾಂಕಿನಲ್ಲಿ ಮಂಗಳೂರಿನಿಂದ ಕೊಚ್ಚಿಗೆ ವರ್ಗವಾಗಿತ್ತು. ವೈಟ್ಟಿಲದಲ್ಲಿ ಬಾಡಿಗೆ ಮನೆ, ಅಲ್ಲಿಂದ ದಿನಾ ಬಸ್ಸು. ಮಗಳು ನನ್ನ ಕನ್ನಡಕ್ಕೆ ಮಲಯಾಳಂನಲ್ಲಿ ಉತ್ತರ ಕೊಡುವಷ್ಟು ವರ್ಷ ನಾವು ಅಲ್ಲಿ ಕಳೆದಾಗಿತ್ತು.

"ಒಂದು ಸಮಿತಿ ಮಾಡಬೇಕಂತೆ ಮೇಡಂ," ಎಂದರು ಮಾಲೀಕರು. "ಹೊರದೇಶದ ಪಾರ್ಟಿಗಳೂ ಕೇಳ್ತಿದ್ದಾರೆ. ಹೆಂಗಸೇ ಅಧ್ಯಕ್ಷರಾಗಬೇಕು. ನೀವಾಗಿ. ಒಂದು ನೋಟಿಸ್ ಟೈಪ್ ಮಾಡಿ ಬೋರ್ಡಿಗೆ ಅಂಟಿಸಿಬಿಡಿ, ಮುಗೀತು."

ಸಮಿತಿಯಲ್ಲಿ ಹೊರಗಿನವರೊಬ್ಬರು ಇರಬೇಕೆಂದು ತೀರ್ಪಿನಲ್ಲೇ ಇತ್ತು. ನಮ್ಮ ಬೀದಿಯಲ್ಲಿ ಮಹಿಳಾ ಸಂಘ ನಡೆಸುತ್ತಿದ್ದ ನಿವೃತ್ತ ನರ್ಸ್ ಒಬ್ಬರನ್ನು ಕೇಳಿದೆ. ಅವರು ಒಪ್ಪಿದರು. ಮೂರನೆಯವರಾಗಿ ಮಾಲೀಕರೇ ತಮ್ಮ ಲೆಕ್ಕಿಗರನ್ನು ಹಾಕಿದರು. ನೋಟಿಸನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಗೋದಾಮಿಗೆ ಹೋಗುವ ಬಾಗಿಲ ಪಕ್ಕ ಅಂಟಿಸಿದೆ. ಮಲಯಾಳಂನಲ್ಲೂ ಹಾಕೋಣವೇ ಎಂದದ್ದಕ್ಕೆ ಮಾಲೀಕರು, "ಆಮೇಲೆ ನೋಡೋಣ" ಎಂದರು.

ಗೋದಾಮಿನಲ್ಲಿ ಸಾಲಾಗಿ ಕೂತು ಏಲಕ್ಕಿ ಆರಿಸುವವರೆಲ್ಲ ಹೆಂಗಸರು. ಹಸಿರು ಗಟ್ಟಿ ಕಾಯಿ ಒಂದು ಕಡೆ, ಬಾಯಿಬಿಟ್ಟದ್ದು, ಬಣ್ಣ ಹೋದದ್ದು ಇನ್ನೊಂದು ಕಡೆ. ಅವರ ಮೇಲೆ ಒಬ್ಬ ಸೂಪರ್‌ವೈಸರ್. ಮಾಲೀಕರ ಹೆಂಡತಿಯ ಕಡೆಯಿಂದ ನೆಂಟ ಎಂದು ಎಲ್ಲರಿಗೂ ಗೊತ್ತಿತ್ತು.

ಮಳೆಗಾಲ ಕಳೆದ ಮೇಲೆ, ಒಂದು ದಿನ ಊಟದ ಹೊತ್ತಿನಲ್ಲಿ ಅವರಲ್ಲೊಬ್ಬಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಮೂವತ್ತರ ಆಸುಪಾಸಿನವಳು. ವಲ್ಲಾರ್ಪಾಡಂ ದ್ವೀಪದವಳು. ಆಗ ಅಲ್ಲಿಗೆ ಸೇತುವೆ ಇರಲಿಲ್ಲ. ದೋಣಿಯಲ್ಲಿ ಎರ್ನಾಕುಳಂ ಜೆಟ್ಟಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಬರುತ್ತಿದ್ದಳು. ಮನೆಯಲ್ಲಿ ತಾಯಿ ಮತ್ತು ಅವಳು, ಇಬ್ಬರೇ.

"ಚೇಚಿ, ಆ ಬೋರ್ಡಿನಲ್ಲಿ ಇರೋದು ನಿಜವಾ?" ಎಂದು ಕೇಳಿದಳು. ಚೇಚಿ ಎಂದರೆ ಅಲ್ಲಿ ಅಕ್ಕ.

"ಯಾವುದು?"

"ನಮಗೆ ಏನಾದರೂ ಆದರೆ ನಿಮಗೆ ಹೇಳಬಹುದು ಅಂತ. ಅದರಲ್ಲಿದ್ದ ಅಕ್ಷರಗಳನ್ನು ಕಾಗದದಲ್ಲಿ ಬರಕೊಂಡು ಹೋಗಿದ್ದೆ. ದೋಣಿಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಓದಿ ಹೇಳಿದಳು."

ಅಕ್ಷರ ಅಕ್ಷರ ನೋಡಿ ಬರೆದುಕೊಂಡಿದ್ದಾಳೆ, ಚಿತ್ರ ಬರೆದ ಹಾಗೆ. ನಿಜ ಎಂದೆ. ಅವಳು ರವಿಕೆಯ ತೋಳನ್ನು ಸ್ವಲ್ಪ ಮೇಲೆತ್ತಿದಳು. ಬೆರಳು ಒತ್ತಿದ ಗುರುತು ನೀಲಿಗಟ್ಟಿತ್ತು.

ಸೂಪರ್‌ವೈಸರ್ ಚೀಲ ಎಣಿಸಲಿಕ್ಕೆಂದು ಅವಳನ್ನು ಒಳಗಿನ ಉಗ್ರಾಣಕ್ಕೆ ಕರೆದಿದ್ದ. ಬಾಗಿಲ ಚಿಲಕ ಹಾಕಿದ. ಅವಳು ಅವನ ಕೈ ಕಚ್ಚಿ, ಚಿಲಕ ತೆಗೆದು ಓಡಿಬಂದಿದ್ದಳು. ಅದು ಮೊದಲ ಸಲವಲ್ಲ, ಹಿಂದೆಯೂ ಕರೆದಿದ್ದ. ಇಷ್ಟನ್ನೂ ಹೇಳುವಾಗ ಅವಳ ದನಿ ನಡುಗಲಿಲ್ಲ. ನಾನು ಕಾಗದ ತೆಗೆದು ಎಲ್ಲವನ್ನೂ ಬರೆದುಕೊಂಡೆ.

ಸಂಜೆ ಗಂಡನಿಗೆ ಹೇಳಿದೆ.

"ನಿನ್ನನ್ನು ಹೆಸರಿಗೆ ಕೂರಿಸಿದ್ದು ಮಾರಾಯ್ತಿ. ಅವರ ನೆಂಟನ ಮೇಲೆಯೇ ನೀನು ವಿಚಾರಣೆ ಮಾಡಿದರೆ ಸುಮ್ಮನೆ ಇರ್ತಾರಾ?"

"ಮತ್ತೆ ಎಂತ ಮಾಡುದು? ಅವಳಿಗೆ ಸುಳ್ಳು ನೋಟಿಸ್ ಅಂತ ಹೇಳುದಾ?"

"ಹಾಗೆ ಹೇಳ್ಲಿಕ್ಕೂ ಆಗುದಿಲ್ಲ," ಎಂದರು. ಆಮೇಲೆ, "ಮಾಡುದಾದರೆ ಸರಿಯಾಗಿ ಮಾಡು," ಎಂದರು.

ವಿಚಾರಣೆ ಆಫೀಸಿನ ಹಿಂದಿನ ಸಣ್ಣ ಕೋಣೆಯಲ್ಲಿ ನಡೆಯಿತು. ಸೂಪರ್‌ವೈಸರ್ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಬಂದಿದ್ದ. ನಾಯಿ ಕಚ್ಚಿತು ಎಂದ. ಅವಳು ದಿನಾ ತಡವಾಗಿ ಬರುತ್ತಾಳೆ, ಬೈದದ್ದಕ್ಕೆ ಹೀಗೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದ. ನಮ್ಮ ನರ್ಸ್ ಬ್ಯಾಂಡೇಜ್ ಬಿಚ್ಚಲು ಹೇಳಿದರು. ಅವನು ಲೆಕ್ಕಿಗರ ಮುಖ ನೋಡಿದ. ಲೆಕ್ಕಿಗರು ಕಿಟಕಿಯ ಕಡೆ ನೋಡಿದರು. ಬಿಚ್ಚಿದ.

"ನಾನು ಜೀವಮಾನವಿಡೀ ಗಾಯ ಕಟ್ಟಿದವಳು ಮಗನೇ," ಎಂದರು ನರ್ಸ್. "ಇದು ನಾಯಿಯದ್ದಲ್ಲ."

ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದೆವು. ಹೆಚ್ಚಿನವರು ಏನೂ ನೋಡಿಲ್ಲ ಎಂದರು. ಎಲ್ಲರಿಗಿಂತ ಹಿರಿಯಳಾದವಳು ಮಾತ್ರ ಬಾಗಿಲಲ್ಲೇ ನಿಂತು, "ಉಗ್ರಾಣಕ್ಕೆ ಅವನು ಎಂದೂ ನನ್ನನ್ನು ಕರೆದಿಲ್ಲ. ನನಗೆ ವಯಸ್ಸಾಯಿತು. ಇಷ್ಟು ಸಾಕಲ್ಲ?" ಎಂದು ಹೇಳಿ ಹೋದಳು.

ದೂರು ನಿಜವೆಂದು ನಾನು ಮತ್ತು ನರ್ಸ್ ಬರೆದೆವು. ಲೆಕ್ಕಿಗರು ಸಹಿ ಹಾಕಲಿಲ್ಲ. ಮಾಲೀಕರು ನಮ್ಮ ವರದಿಯನ್ನು ನನ್ನ ಎದುರಿಗೇ ಪೂರ್ತಿ ಓದಿ, "ಇಂಗ್ಲಿಷ್ ಚೆನ್ನಾಗಿದೆ," ಎಂದರು. ಅದೇ ವಾರ ಸೂಪರ್‌ವೈಸರನನ್ನು ತಿರುವನಂತಪುರದ ಮಾರಾಟ ಡಿಪೋಗೆ ಕಳಿಸಿದರು. ಏನೋ ಒಂದು ಆಯಿತಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಕ್ರಿಸ್‌ಮಸ್ ಕಳೆಯುತ್ತಿದ್ದಂತೆ ಮಾಲೀಕರು ಗೋದಾಮಿಗೆ ಬಂದು ಎಲ್ಲರನ್ನೂ ನಿಲ್ಲಿಸಿದರು. ಆರಿಸುವ ವಿಭಾಗವನ್ನು ಕಂಪನಿ ಮುಚ್ಚುತ್ತಿದೆ, ಇನ್ನು ಆ ಕೆಲಸ ಗುತ್ತಿಗೆಗೆ, ಬೇಕಾದವರು ಹಿಂದಿನ ರಸ್ತೆಯ ಶೆಡ್ಡಿನಲ್ಲಿ ಗುತ್ತಿಗೆದಾರರ ಹತ್ತಿರ ಸೇರಿಕೊಳ್ಳಬಹುದು ಎಂದರು. ಸೋಮವಾರ ಹೆಂಗಸರು ಶೆಡ್ಡಿಗೆ ಹೋದರು. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದವನು ಅದೇ ಸೂಪರ್‌ವೈಸರ್. ಗುತ್ತಿಗೆ ಅವನ ಭಾವನ ಹೆಸರಿನಲ್ಲಿತ್ತು. ಎಲ್ಲರನ್ನೂ ಒಳಗೆ ಬಿಟ್ಟ. ವಲ್ಲಾರ್ಪಾಡಂನವಳನ್ನು ಬಿಡಲಿಲ್ಲ.

ಅವಳು ಅಲ್ಲಿಂದ ನೇರ ನನ್ನ ಹತ್ತಿರ ಬಂದಳು. ಕಣ್ಣೀರಿಲ್ಲ.

"ಅವನು ಬಿಡದೆ ಇದ್ದದ್ದು ಇರಲಿ ಚೇಚಿ. ಅವರು, ನನ್ನ ಜೊತೆ ಕೂತವರು, ಏನಂದರು ಗೊತ್ತಾ? ನಿನ್ನಿಂದ ನಮ್ಮ ಕಂಪನಿ ಕೆಲಸ ಹೋಯಿತು ಅಂದರು."

ನರ್ಸ್ ಸುಮ್ಮನಿರುವವರಲ್ಲ. ಅವರಿಗೆ ತಿರುವನಂತಪುರದ ಕಾರ್ಮಿಕ ಇಲಾಖೆಯಲ್ಲಿ ಪರಿಚಯದ ಅಧಿಕಾರಿಯೊಬ್ಬರಿದ್ದರು. ನಾನು ರಜೆ ಹಾಕಿದೆ. ಮೂವರೂ ಬೆಳಗಿನ ರೈಲು ಹಿಡಿದೆವು. ಅವಳು ಅಷ್ಟು ದೂರ ಪ್ರಯಾಣ ಮಾಡಿದ್ದು ಅದೇ ಮೊದಲು. ಕೊಲ್ಲಂ ದಾಟಿದ ಮೇಲೆ ಕಿಟಕಿಯಿಂದ ಸಮುದ್ರ ಕಂಡಾಗ, "ಇಲ್ಲೂ ಅದೇ ನೀರು," ಎಂದಳು. ಆ ದಿನ ಅವಳು ನಕ್ಕದ್ದು ಆಗ ಮಾತ್ರ.

ಅಧಿಕಾರಿ ಒಳ್ಳೆಯವರು. ಚಹಾ ತರಿಸಿದರು, ಎಲ್ಲವನ್ನೂ ಕೇಳಿಸಿಕೊಂಡರು. ಕೆಲಸಗಾರರ ಸಂಖ್ಯೆ ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಗುತ್ತಿಗೆ ಕಾಯಿದೆ ಅನ್ವಯಿಸುವುದಿಲ್ಲ, ಆ ಶೆಡ್ಡಿನಲ್ಲಿ ಲೆಕ್ಕಕ್ಕೆ ಅದಕ್ಕಿಂತ ಕಡಿಮೆ ಜನರನ್ನೇ ತೋರಿಸಿದ್ದಾರೆ ಎಂದರು. ವಿಭಾಗ ಮುಚ್ಚುವುದು ಮಾಲೀಕರ ಹಕ್ಕು, ಸುಪ್ರೀಂ ಕೋರ್ಟಿನ ಸಮಿತಿ ಕಂಪನಿಯ ಕೆಲಸಗಾರರಿಗೆ, ಇವರು ಈಗ ಕಂಪನಿಯ ಕೆಲಸಗಾರರಲ್ಲ.

ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. "ಸಾರ್, ಅವನು ಚಿಲಕ ಹಾಕಿದ ದಿನ ನಾನು ಕಂಪನಿಯವಳೇ ಅಲ್ಲವಾ?"

"ಹೌದು."

"ಮತ್ತೆ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉತ್ತರ ಸಿಗಬೇಕಾದರೆ ಲೇಬರ್ ಕೋರ್ಟಿಗೇ ಹೋಗಬೇಕು ಎಂದರು, ದೂರು ಕೊಟ್ಟದ್ದಕ್ಕೇ ತೆಗೆದರು ಎಂದು ತೋರಿಸಬೇಕು, ವರ್ಷಗಳು ಹಿಡಿಯಬಹುದು. ವರ್ಷಗಳು ಎನ್ನುವಾಗ ಅವಳ ಕಡೆ ನೋಡಲಿಲ್ಲ.

ಹೋದೆವು. ಕೋರ್ಟಿಗೆ ಮೊದಲು ಕಾರ್ಮಿಕ ಇಲಾಖೆ ಕರೆದ ಸಂಧಾನಕ್ಕೆ ಕಂಪನಿಯವರು ಬರಲೇ ಇಲ್ಲ. ಕೇಸು ಕೋರ್ಟಿಗೆ ಬಂದ ಮೇಲೆ ವಕೀಲರಿಗೆ ಹುಷಾರಿಲ್ಲ, ನ್ಯಾಯಾಧೀಶರು ವರ್ಗವಾದರು, ಕಾಗದ ಸರಿಯಿಲ್ಲ ಎಂದು ದಿನ ಮುಂದೆ ಹೋಗುತ್ತಿತ್ತು. ಒಮ್ಮೆ ಬಂದ್ ಎಂದು ಜೆಟ್ಟಿಯಲ್ಲಿ ದೋಣಿಯೇ ಬಿಡಲಿಲ್ಲ. ಅವಳು ಬಾರದೆ ಇದ್ದದ್ದನ್ನು ಕಂಪನಿಯ ವಕೀಲರು ಆಸಕ್ತಿ ಇಲ್ಲ ಎಂದು ವಾದಿಸಿದರು. ಹೊಟ್ಟೆಪಾಡಿಗೆ ಅವಳು ಮನೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

ನನ್ನನ್ನು ಸಾಕ್ಷಿಯಾಗಿ ಕರೆದರು. ನಾನಿನ್ನೂ ಅದೇ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಗಂಡ ರಜೆ ಹಾಕಿ ಜೊತೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಕಂಪನಿಯ ವಕೀಲರು, "ನೀವು ಈ ರಾಜ್ಯದವರಲ್ಲ. ಮಲಯಾಳಂ ನಿಮಗೆ ಎಷ್ಟು ಅರ್ಥವಾಗುತ್ತದೆ?" ಎಂದು ಕೇಳಿದರು.

"ಅವಳು ಹೇಳಿದ್ದು ಅರ್ಥವಾಗುವಷ್ಟು," ಎಂದೆ, ಮಲಯಾಳಂನಲ್ಲೇ.

ಮರುದಿನ ಆಫೀಸಿಗೆ ಹೋದಾಗ ನನ್ನ ಮೇಜು ಗೋದಾಮಿನ ಮೂಲೆಯಲ್ಲಿತ್ತು. ಕೆಲಸ ಕೊಡಲಿಲ್ಲ, ತೆಗೆಯಲೂ ಇಲ್ಲ. ಫೋನಿಲ್ಲ, ಕಾಗದವಿಲ್ಲ, ಯಾರೂ ಮಾತಾಡಿಸುವುದಿಲ್ಲ. ಗೋಡೆ ನೋಡುತ್ತಾ ಬೆಳಗಿನಿಂದ ಸಂಜೆಯವರೆಗೆ ಕೂರಬೇಕು. ಆರಿಸುವವರಿಲ್ಲದ ಆ ಗೋದಾಮಿನಲ್ಲಿ ಏಲಕ್ಕಿಯ ವಾಸನೆ ಮಾತ್ರ ಉಳಿದಿತ್ತು. ಇಂದಿಗೂ ನನಗೆ ಪಾಯಸದ ಆ ಪರಿಮಳ ಹಿಡಿಸುವುದಿಲ್ಲ. ಬೇಸಿಗೆಯ ತನಕ ಕೂತೆ. ಮನೆಗೆ ಬಂದು ಯಾರ ಹತ್ತಿರವೂ ಮಾತು ಬೇಡವೆನಿಸತೊಡಗಿದಾಗ ಗಂಡ, "ಸಾಕು, ಬಿಟ್ಟುಬಿಡು," ಎಂದರು. ರಾಜೀನಾಮೆ ಕೊಟ್ಟೆ.

ಅಷ್ಟರಲ್ಲಿ ಅವಳೂ ಹೊರಟಿದ್ದಳು. ಸಿಗಡಿ ಸುಲಿಯುವ ಕೆಲಸಕ್ಕೆಂದು ಗುಜರಾತಿಗೆ ಹೆಂಗಸರನ್ನು ಕರೆದೊಯ್ಯುವ ಏಜೆಂಟನೊಬ್ಬನಿದ್ದ. ಎರ್ನಾಕುಳಂ ಸ್ಟೇಷನ್ನಿನಲ್ಲಿ ಅವಳನ್ನು ಬೀಳ್ಕೊಟ್ಟದ್ದು ನಾನು ಮತ್ತು ನರ್ಸ್. ಅವಳ ಹಾಗೆಯೇ ಚೀಲ ಹಿಡಿದ ಹುಡುಗಿಯರು ಬೋಗಿ ತುಂಬ ಇದ್ದರು.

"ಕೇಸು?" ಎಂದು ಕೇಳಿದೆ.

"ನೀವಿದ್ದೀರಲ್ಲ ಚೇಚಿ," ಎಂದಳು. ರೈಲು ಹೊರಟಿತು.

ತೀರ್ಪು ಬಂದಾಗ ಕೇಸು ಹಾಕಿ ನಾಲ್ಕು ವರ್ಷವಾಗಿತ್ತು. ಅವಳನ್ನು ಕೆಲಸದಿಂದ ದೂರ ಮಾಡಿದ್ದು ಅನ್ಯಾಯ, ಮತ್ತೆ ತೆಗೆದುಕೊಳ್ಳಬೇಕು ಎಂದು ಲೇಬರ್ ಕೋರ್ಟ್ ಹೇಳಿತು. ಕಂಪನಿ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಮುಂದಕ್ಕೆ ವಾದ ಮಾಡಬೇಕಾದರೆ ಅವಳ ಸಹಿ ಬೇಕು, ಅವಳೇ ಬಂದರೆ ಇನ್ನೂ ಒಳ್ಳೆಯದು ಎಂದರು ನಮ್ಮ ವಕೀಲರು. ವಿಳಾಸ ನಮ್ಮಲ್ಲಿರಲಿಲ್ಲ. ನಾನು ದೋಣಿ ಹತ್ತಿ ವಲ್ಲಾರ್ಪಾಡಂಗೆ ಹೋದೆ.

ಅವಳ ತಾಯಿ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದಳು. ಗೆದ್ದೆವು ಎಂದೆ. ತಡೆಯಾಜ್ಞೆಯ ವಿಷಯವನ್ನೂ ಹೇಳಿದೆ. ಅವಳು ಸೂಜಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ವಿಳಾಸ ಕೊಡುವುದಿಲ್ಲ ಮಗಳೇ. ಬೇಜಾರು ಮಾಡಬೇಡ. ಕೊಡಬಾರದು ಅಂತ ಅವಳೇ ಹೇಳಿದ್ದಾಳೆ."

"ಯಾಕೆ?"

"ಇವಳು ಕೋರ್ಟಿಗೆ ಹೋದವಳು ಅಂತ ಅಲ್ಲಿಯವರಿಗೆ ಗೊತ್ತಾಗಬಾರದಂತೆ. ಅಲ್ಲಿಯೂ ಒಬ್ಬ ಸೂಪರ್‌ವೈಸರ್ ಇದ್ದಾನೆ."

ಅವಳು ಒಳಗೆ ಹೋಗಿ ಕಟ್ಟನ್ ಚಾಯ ತಂದುಕೊಟ್ಟಳು. ಹಾಲಿಲ್ಲದ ಆ ಚಹಾವನ್ನು ನಾನು ಮೆಟ್ಟಿಲಿನ ಮೇಲೆ ಕೂತು ಪೂರ್ತಿ ಕುಡಿದೆ. ಆಮೇಲೆ ಅವಳು ಮತ್ತೆ ಬಲೆ ಎತ್ತಿಕೊಂಡು, ಮುಂದಿನ ದೋಣಿ ಹೊರಡಲಿಕ್ಕಾಯಿತು, ಬೇಗ ಹೋಗು ಎಂದಳು.