ಪೆನ್ಸಿಲ್ ಮುಟ್ಟದ ಮುಖ

ಚಿಕ್ಕಂದಿನಲ್ಲಿ ನನಗೆ ಸಿಡುಬು ಬಂದಿತ್ತು. ಜೀವ ಉಳಿಯಿತು, ಎರಡೂ ಕೆನ್ನೆಗಳಲ್ಲಿ ಗುಳಿಗಳೂ ಉಳಿದವು. ನನಗೆ ಅವು ಅಭ್ಯಾಸವಾಗಿಬಿಟ್ಟಿದ್ದವು. ಮದುವೆಯ ಮಾತು ಶುರುವಾದಾಗ ಕಷ್ಟವಾದದ್ದು ಅಮ್ಮನಿಗೆ.

ಆಗೆಲ್ಲ ಹುಡುಗಿಗಿಂತ ಮೊದಲು ಅವಳ ಫೋಟೋ ಗಂಡಿನ ಮನೆ ನೋಡುತ್ತಿತ್ತು. ಅಮ್ಮ ನನ್ನನ್ನು ಕುಲಶೇಖರದಿಂದ ಬಸ್ಸು ಹತ್ತಿಸಿ ಹಂಪನಕಟ್ಟೆಯ ಸ್ಟುಡಿಯೋಗೆ ಕರೆದುಕೊಂಡು ಹೋದರು. ಮದುವೆಗೆಂದು ತೆಗೆಸುವ ಫೋಟೋ ಎಂದರೆ ಸ್ಟುಡಿಯೋದ ಸಾಯ್ಬರು ಯಾರನ್ನೂ ಕೇಳುತ್ತಿರಲಿಲ್ಲ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ತಿದ್ದಿ ಕಲೆಗಳನ್ನೆಲ್ಲ ಮುಚ್ಚಿಬಿಡುತ್ತಿದ್ದರು. ನನ್ನ ಕೆನ್ನೆ ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ ಬಂತು. ಅದನ್ನು ಮೆಚ್ಚಿ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದ ಒಬ್ಬ ಮನೆಗೇ ಬಂದ. ಫೋಟೋ ನೋಡಿದ, ನನ್ನನ್ನು ನೋಡಿದ. "ಇದು ಇವರ ತಂಗಿಯ ಫೋಟೋವಾ?" ಎಂದ. ನನಗೆ ತಂಗಿಯೇ ಇಲ್ಲ! ಅವನು ಅಂಗಳ ದಾಟುವ ಮೊದಲೇ ಆ ಫೋಟೋವನ್ನು ಒಲೆಗೆ ಹಾಕಿದೆ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹೇಳ್ತಾರಲ್ಲ ಬಾಯೆ, ನನ್ನ ಮಗಳೇ," ಎಂದರು ಅಮ್ಮ.

"ಆ ಸಾವಿರದಲ್ಲಿ ನನ್ನ ಮುಖ ಸೇರಿಸಬೇಡಿ," ಎಂದೆ.

ಮತ್ತೆ ಸ್ಟುಡಿಯೋಗೆ ಹೋದೆವು. ಅಮ್ಮನ ಕೈಯಲ್ಲಿ ಪೌಡರ್ ಡಬ್ಬಿ. ನಾನು ಹೋದವಳೇ ಸಾಯ್ಬರಿಗೆ ಮಂಗಳಾರತಿ ಎತ್ತಿದೆ. "ನೀವು ಯಾರ ಫೋಟೋ ಕೊಟ್ಟದ್ದು? ಈ ಸಲ ಪೆನ್ಸಿಲ್ ಮುಟ್ಟಿದರೆ ನನಗೆ ಫೋಟೋವೇ ಬೇಡ."

ಅವರಿಗೂ ಸಿಟ್ಟು ಬಂತು. "ತಿದ್ದದಿದ್ದರೆ ಮನೆಯವರು ನನಗೇ ಬೈತಾರೆ. ಲೈಟು ಎದುರಿನಿಂದ ಹಾಕಿದರೆ ಕಲೆ ಅಡಗ್ತದೆ. ಪಕ್ಕದಿಂದ ಹಾಕಿದರೆ ಒಂದೊಂದೂ ಎದ್ದು ಕಾಣ್ತದೆ. ಎಂತ ಮಾಡುವ, ನೀವೇ ಹೇಳಿ."

"ಪಕ್ಕದಿಂದಲೇ ಹಾಕಿ."

"ಅಯ್ಯೋ ದೇವರೇ, ಇವಳಿಗೆ ಹುಚ್ಚು!" ಎಂದು ಅಮ್ಮ ಬೆಂಚಿನ ಮೇಲೆ ಕುಸಿದರು.

ಸಾಯ್ಬರು ದೀಪವನ್ನು ಎಳೆದು ನನ್ನ ಎಡಕ್ಕೆ ನಿಲ್ಲಿಸಿದರು. ಅಲ್ಲಿಂದ ಅದು ನಮ್ಮಿಬ್ಬರ ಕೆಲಸವಾಯಿತು. ಅವರು ದೀಪ ಸರಿಸಿದ ಹಾಗೆ ನಾನು ಮುಖ ತಿರುಗಿಸುತ್ತಿದ್ದೆ. ಮದುವೆ ಹುಡುಗಿಯರು ಕಣ್ಣು ತಗ್ಗಿಸಿ ಕೂರುವುದು ರೂಢಿ. ನಾನು ನೇರ ನೋಡುತ್ತೇನೆ ಎಂದೆ, ಒಪ್ಪಿದರು. ಆದರೆ ನಾನು ಹಲ್ಲು ಕಚ್ಚಿಕೊಂಡು ಕೂತದ್ದನ್ನು ಅವರು ಒಪ್ಪಲಿಲ್ಲ. "ಸಿಟ್ಟು ಇರಲಿ ಮಾರಾಯ್ತಿ, ಕಣ್ಣಲ್ಲಿ ಮಾತ್ರ ಇರಲಿ. ದವಡೆ ಸಡಿಲ ಬಿಡಿ." ಅವರು ಹೇಳಿದ್ದು ಸರಿಯೆನಿಸಿತು, ಬಿಟ್ಟೆ.

ಫೋಟೋದಲ್ಲಿ ಒಂದು ಗುಳಿಯೂ ತಪ್ಪಿರಲಿಲ್ಲ. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ನಿನ್ನ ಅಪ್ಪನದ್ದೇ ನೋಟ," ಎಂದರು. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಅವರದೊಂದು ಫೋಟೋ ಸಹ ಇರಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಪ್ರತಿಯನ್ನು ಶಿಲುಬೆಯ ಪಕ್ಕದಲ್ಲಿ ನಿಲ್ಲಿಸಿದರು.

ಇನ್ನೊಂದು ಪ್ರತಿ ಮದುವೆ ದಲ್ಲಾಳಿಯ ಕೈಯಲ್ಲಿ, ಪಣಂಬೂರಿನ ಹೊಸ ಬಂದರಿನ ಕೆಲಸದಲ್ಲಿದ್ದ ಹುಡುಗನ ಮನೆಗೆ ಹೋಯಿತು. ಸ್ವಲ್ಪ ದಿನದಲ್ಲೇ ದಲ್ಲಾಳಿ ಅದನ್ನು ಹಿಡಿದುಕೊಂಡು ವಾಪಸು ಬಂದ. ಚಾ ಊದುತ್ತಾ, "ಹುಡುಗನ ಕಡೆಯವರು ಬೇರೆ ಫೋಟೋ ಉಂಟಾ ಅಂತ ಕೇಳ್ತಾರೆ," ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅವನ ಕೈಯಿಂದ ಫೋಟೋ ಕಿತ್ತುಕೊಂಡರು.

"ಬೇರೆ ಫೋಟೋ ಇಲ್ಲ. ಬೇರೆ ಮಗಳೂ ಇಲ್ಲ. ಚಾ ಕುಡಿದು ಹೊರಡಿ."