ಗೋಲು ಹೊಡೆದ ಮೇಲೆ ಓಡದವನು

ಅಮ್ಮ ತೀರಿಕೊಂಡ ಮರುವರ್ಷ ಹೊಸಕೋಟೆಯ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟೆ. ಬಂದವನು ಅರ್ಜೆಂಟೀನಾದವನು. ಜಡಿಗೇನಹಳ್ಳಿ ಕಡೆ ಹೊಸದಾಗಿ ಶುರುವಾಗಿದ್ದ ಫುಟ್‌ಬಾಲ್ ತರಬೇತಿ ಶಾಲೆಗೆ ಕೋಚ್. ವಯಸ್ಸು ನಲವತ್ತಮೂರು. ಎರಡು ಸೂಟ್‌ಕೇಸು, ಬಲಮಂಡಿಯ ಮೇಲೆ ಉದ್ದನೆಯ ಹೊಲಿಗೆಯ ಗುರುತು.

ಅಣ್ಣ ಫೋನ್ ಮಾಡಿ, “ಒಂಟಿ ಹೆಂಗಸು ನೀನು. ಜನ ಏನಂತಾರೆ ಅಂತ ಯೋಚ್ನೆ ಮಾಡಿದ್ಯಾ?” ಅಂದ.

“ಅನ್ಲಿ ಬಿಡಣ್ಣ. ಹಂಗಾದ್ರೂ ನನ್ ವಿಷ್ಯ ಯಾರಾದ್ರೂ ಮಾತಾಡ್ತಾರಲ್ಲ.”

ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ.

ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ನಾನು. ಸಂಜೆ ಬಂದು ಬೀಗ ತೆಗೆದರೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ ಇರುತ್ತಿತ್ತು. ಈಗ ಮೇಲೆ ಹೆಜ್ಜೆಗಳು ಕೇಳಿಸತೊಡಗಿದವು, ಒಂದು ಹಗುರ, ಒಂದು ಭಾರ. ಹಾಲಿನಂಗಡಿಯಲ್ಲಿ ಕೇಳಿಸಿಕೊಂಡು ಅವನೂ ನನ್ನನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದ. ಇಬ್ಬರದ್ದೂ ಹರುಕು ಮುರುಕು ಇಂಗ್ಲಿಷ್ ಆದ್ದರಿಂದ ಒಬ್ಬರ ಮಾತು ಒಬ್ಬರಿಗೆ ಸುಲಭವಾಗಿ ತಿಳಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ನಾನು ದೋಸೆ ಕೊಟ್ಟರೆ ಅವನು ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದ. ಆಮೇಲೆ ಸೋರೆ ಬುರುಡೆಯಲ್ಲಿ ಯಾವುದೋ ಒಣ ಎಲೆಗೆ ಬಿಸಿನೀರು ಹುಯ್ದು, ಲೋಹದ ಕೊಳವೆಯಿಂದ ಆ ಕಹಿ ಕಷಾಯ ಹೀರುತ್ತ ತನ್ನ ಕಥೆ ಹೇಳುತ್ತಿದ್ದ. ಅಪ್ಪ ಬಸ್ ಮೆಕ್ಯಾನಿಕ್. ಇವನು ಹದಿನೇಳಕ್ಕೇ ಊರಿನ ತಂಡದಲ್ಲಿ ಗೋಲು ಹೊಡೆಯುವ ಸ್ಟ್ರೈಕರ್. ಆಮೇಲೆ ಏಳು ದೇಶ, ಎಲ್ಲವೂ ಚಿಕ್ಕ ಕ್ಲಬ್ಬುಗಳು. ಒಂದೇ ಒಂದು ಸಲ ದೇಶದ ತಂಡದ ಶಿಬಿರಕ್ಕೆ ಕರೆ ಬಂತು. ಮೂರನೇ ದಿನ ತೊಡೆಯ ಸ್ನಾಯು ಹರಿದು ವಾಪಸಾದ. ಮತ್ತೆ ಯಾರೂ ಕರೆಯಲಿಲ್ಲ.

“ಸ್ಟ್ರೈಕರ್ ಅಂದರೆ ಓಡುವವನು ಅಂದುಕೊಳ್ಳುತ್ತಾರೆ. ಅಲ್ಲ ಅಕ್ಕ, ಚೆಂಡಿಗಾಗಿ ಕಾಯುವವನು,” ಎಂದಿದ್ದ.

ಕಾರ್ಖಾನೆಯ ಕ್ರೀಡಾದಿನಕ್ಕೆ ಅವನನ್ನು ನಾನೇ ಕರೆದುಕೊಂಡು ಹೋದೆ. ಪ್ಯಾಕಿಂಗ್‌ನವರಿಗೂ ಮೆಷಿನ್ ಶಾಪ್‌ನವರಿಗೂ ಪಂದ್ಯ. ನಮ್ಮ ಕಡೆಯವನೊಬ್ಬನ ಕಾಲು ಉಳುಕಿತು. ನಮ್ಮವರು ಇವನನ್ನು ಮುತ್ತಿಕೊಂಡರು.

“ಹತ್ತೇ ನಿಮಿಷ ಗುರು! ಸುಮ್ನೆ ನಿಂತ್ಕೊಂಡ್ರೂ ಸಾಕು!”

ಅವನು ಮಂಡಿ ತೋರಿಸಿ ಬೇಡವೆಂದ. ಯಾರೂ ಬಿಡಲಿಲ್ಲ. ಕೊನೆಗೆ ಇಳಿದ. ನಿಜವಾಗಿಯೂ ಸುಮ್ಮನೆ ನಿಂತಿದ್ದ. ಚೆಂಡು ಇನ್ನಾರಿಗೋ ಹೋಗುತ್ತಿದೆ ಎಂದು ನಾನು ನೋಡುತ್ತಿದ್ದಾಗಲೇ ಎರಡು ಹೆಜ್ಜೆ ಮುಂದಿಟ್ಟು ಪಾದ ತಗುಲಿಸಿದ. ಗೋಲ್‌ಕೀಪರ್ ಮುಖ ತಿರುಗಿಸುವಷ್ಟರಲ್ಲಿ ಗೋಲು.

ಎಲ್ಲರೂ ಕೂಗಿಕೊಂಡು ತಬ್ಬಲು ಓಡಿದರು. ಅವನು ತಲೆ ತಗ್ಗಿಸಿ, ಯಾರ ಕೈಗೂ ಸಿಗದೆ, ಮೈದಾನದ ನಡುಗೆರೆಯ ಕಡೆ ನಡೆದುಬಿಟ್ಟ.

“ಏನಪ್ಪಾ, ಇಷ್ಟೊಂದ್ ಜಂಬ!” ಎಂದ ನಮ್ಮ ಲೋಡಿಂಗ್‌ನವನು. ನನಗೆ ಮುಖಭಂಗವಾದಂತಾಯಿತು.

ಮನೆಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂರಿಸಿ ಕೇಳಿದೆ: “ನಮ್ಮ ಹುಡುಗರು ಅಷ್ಟು ಖುಷಿಪಟ್ಟರು. ನೀನು ಯಾಕೆ ಹಾಗೆ ಮಾಡಿದೆ?”

ಬುರುಡೆಯ ಕಷಾಯ ಒಂದು ಗುಟುಕು ಹೀರಿ ಹೇಳಿದ. ಮೂರನೆಯ ದೇಶದಲ್ಲಿ ಆಡುತ್ತಿದ್ದಾಗ ಒಂದು ಪಂದ್ಯದ ಬೆಳಿಗ್ಗೆ ಅವನ ಅಪ್ಪ ತೀರಿಕೊಂಡರು. ಮನೆಯಿಂದ ಕ್ಲಬ್ಬಿಗೆ ಫೋನ್ ಬಂತು. ಆಟ ಮುಗಿದ ಮೇಲೆ ಹೇಳೋಣ ಎಂದುಕೊಂಡರು ಅಲ್ಲಿಯವರು. ಅವತ್ತು ಅವನು ಎರಡು ಗೋಲು ಹೊಡೆದ. ಅಂಗಿ ಬಿಚ್ಚಿ ಬೀಸುತ್ತ ಮೈದಾನದ ಮೂಲೆಯಲ್ಲಿ ಕುಣಿದ. ಡ್ರೆಸ್ಸಿಂಗ್ ರೂಮಿನಲ್ಲಿ ಕೈಗೆ ಫೋನ್ ಕೊಟ್ಟರು.

“ನಾನು ಕುಣಿಯುವಾಗ ಅಪ್ಪ ಸತ್ತು ಆರು ಗಂಟೆಯಾಗಿತ್ತು,” ಎಂದ. “ಮಾರನೆಯ ದಿನದ ಪೇಪರಿನಲ್ಲಿ ಆ ಕುಣಿತದ ಫೋಟೋ ಬಂತು.”

ಆಮೇಲೆ ಒಂಬತ್ತು ವರ್ಷ ಆಡಿದ. ಎಷ್ಟೋ ಗೋಲು ಹೊಡೆದ. ಒಂದು ಸಲವೂ ಓಡಲಿಲ್ಲ, ಕೈಯೆತ್ತಲಿಲ್ಲ. ಎಲ್ಲ ಊರಲ್ಲೂ ಅಹಂಕಾರಿ ಅನ್ನಿಸಿಕೊಂಡ. ಕಾರಣ ಯಾರಿಗೂ ಹೇಳಲಿಲ್ಲ.

ನಾನೂ ಯಾರಿಗೂ ಹೇಳದಿದ್ದುದನ್ನು ಅವತ್ತು ಹೇಳಿದೆ. ಅಮ್ಮನ ಉಸಿರು ನಿಂತಾಗ ನಾನು ಶಿಫ್ಟಿನಲ್ಲಿದ್ದೆ. ಒಳಗೆ ಫೋನ್ ಒಯ್ಯುವಂತಿಲ್ಲ, ಅದು ಲಾಕರಿನಲ್ಲಿತ್ತು. ಪಕ್ಕದ ಮನೆಯವರು ಹನ್ನೊಂದು ಸಲ ಕರೆ ಮಾಡಿದ್ದರು. ಆ ಹೊತ್ತಿಗೆ ನಾನು ಸಹೋದ್ಯೋಗಿಯ ಹುಟ್ಟುಹಬ್ಬಕ್ಕೆ ಕೇಕ್ ತಿನ್ನುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ. ಯಾವ ಮಾತಿಗೆ ಎನ್ನುವುದೂ ನೆನಪಿಲ್ಲ.

ಅವನು ಬುರುಡೆಗೆ ಮತ್ತೆ ನೀರು ಹುಯ್ದು ನನ್ನ ಕಡೆ ಚಾಚಿದ. ಅದುವರೆಗೆ ಎಂಜಲು ಎಂದು ಬೇಡ ಅನ್ನುತ್ತಿದ್ದವಳು ಅವತ್ತು ಕುಡಿದೆ. ನಾಲಿಗೆಯೆಲ್ಲ ಕಹಿಯಾಯಿತು.

ಎರಡನೇ ವರ್ಷ ಆ ಫುಟ್‌ಬಾಲ್ ಶಾಲೆ ನಿಂತುಹೋಯಿತು. ಅವನು ಹೊರಟ ದಿನ ನನಗೆ ರಜೆ ಸಿಗಲಿಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದಿಂದ ಅವನು ಮಾಡಿದ್ದ ಕರೆಯನ್ನು ಊಟದ ಬಿಡುವಿನಲ್ಲಿ ನೋಡಿದೆ. ವಾಪಸ್ ಮಾಡಿದರೆ ಸ್ವಿಚ್ಡ್ ಆಫ್.

ಈಗ ತನ್ನ ಊರಿನಲ್ಲೇ ಮಕ್ಕಳಿಗೆ ಆಟ ಕಲಿಸುತ್ತಾನೆ. ಆಗೀಗ ಒಂದು ಸಾಲು ಬರೆಯುತ್ತಾನೆ. ಕಳೆದ ಸಲ, ಮಂಡಿಯ ಆಪರೇಷನ್ ಆಯಿತು, ಮನೆಯಲ್ಲೇ ಇದ್ದೇನೆ ಎಂದಿದ್ದ. “ಜೊತೆಗೆ ಯಾರಿದ್ದಾರೆ?” ಎಂದು ಕೇಳಿದೆ. ನಾಲ್ಕು ತಿಂಗಳಾಯಿತು, ಉತ್ತರ ಬಂದಿಲ್ಲ.